ರೊಕ್ಕ ಬೇಕು, ಮುಖ ಬ್ಯಾಡ

ಧಾರವಾಡದ ಸತ್ತೂರಿನಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. "ಬಾರ್ ಐತಲ್ರೀ, ಅದರ ಬಾಜೂಕ" ಎನ್ನಲು ಯಾರೂ ಹಿಂಜರಿಯುವುದಿಲ್ಲ. ಗುಡಿಗೆ ಹೊರಟವರಿಗೂ ಸಾಲಿಗೆ ಹೊರಟವರಿಗೂ ಬಾರೇ ಗುರುತು. ಅದರ ಒಳಗೆ ಹೋಗಿದ್ದೆ ಎನ್ನುವವರು ಮಾತ್ರ ಸಿಗುವುದಿಲ್ಲ. ಅದು ಎಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಹೇಗಿದೆ ಎಂದು ಕೇಳಿದರೆ ಎಲ್ಲರೂ ರಸ್ತೆಯ ಆಚೆ ಕಡೆ ನೋಡುತ್ತಾರೆ.

ಇದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ, ಗಾಜಿನ ಬಾಗಿಲಿನ, ಹೆಂಡತಿ ಮಕ್ಕಳ ಸಂಗಡ ಹೋಗಿ ಪನ್ನೀರ್ ತಿಂದು ಬರಬಹುದಾದ 'ಫ್ಯಾಮಿಲಿ ರೆಸ್ಟೋರೆಂಟ್'ಗಳ ಮಾತಲ್ಲ. ಓಣಿಯ ಬಾಯಿಗೆ, ಪರದೆ ಇಳಿಬಿಟ್ಟುಕೊಂಡು, ಹಗಲು ಹೊತ್ತಿನಲ್ಲೂ ಟ್ಯೂಬ್‌ಲೈಟ್ ಉರಿಸಿಕೊಂಡು ನಿಂತಿರುವ ಬಾರುಗಳ ಮಾತು. ನೆಲ ಹಸಿ, ಟೇಬಲ್ಲು ಅಂಟು, ಮೂಲೆಯ ಮೂತ್ರಿಯ ವಾಸನೆ ಕೌಂಟರಿನ ತನಕ. ಕಾಲೇಜು ಕಲಿತು, ಸಂಬಳದ ನೌಕರಿ ಹಿಡಿದು, ಕುಡಿದರೂ ಮನೆಯ ಟೆರೇಸಿನ ಮೇಲೋ ದೂರದ ರಿಸಾರ್ಟಿನಲ್ಲೋ ಕುಡಿಯುವ ನನ್ನಂಥವರು ಇಲ್ಲಿ ಹೊರಗಿನವರು. ಅಂಥವರ ತಲೆಯಲ್ಲಿ ಈ ಜಾಗದ ಬಗ್ಗೆ ಎರಡು ಚಿತ್ರಗಳಿರುತ್ತವೆ. ಒಂದರಲ್ಲಿ ಬಾಟಲಿ ಒಡೆದು ಹೊಡೆದಾಡುವ ರೌಡಿಗಳು. ಇನ್ನೊಂದರಲ್ಲಿ ಸಿನಿಮಾದಲ್ಲಿ ಕಂಡಂತೆ ತತ್ವ ಹೇಳುವ ಕುಡುಕರು. ಒಳಗೆ ಒಂದು ತಾಸು ಕುಳಿತರೆ ಎರಡೂ ಚಿತ್ರ ಅಳಿಸಿಹೋಗುತ್ತವೆ. ಉಳಿಯುವುದು ಬೇರೆ ಪ್ರಶ್ನೆ: ಈ ಜಾಗ ಇಷ್ಟು ಕೊಳಕಾಗಿರುವುದು ಯಾರ ದೆಸೆಯಿಂದ?

ಈ ಲೇಖನದಲ್ಲಿ ಯಾವ ಬಾರಿನ ಹೆಸರೂ ಇಲ್ಲ. ಹೆಸರು ಹೇಳಿದರೆ ಅಲ್ಲಿ ಕುಳಿತವರ ಗುರುತು ಹತ್ತೀತು. ಬಾರಿನಲ್ಲಿ ಕಂಡವರನ್ನು ಮರುದಿನ ಬಜಾರಿನಲ್ಲಿ ಕಂಡಾಗ ಆ ಮಾತು ತೆಗೆಯಬಾರದು ಎಂಬುದು ಅಲ್ಲಿಯ ಮೊದಲ ಶಿಸ್ತು.

ಹೆಚ್ಚಿನವರು ಪರವೂರವರೇ

ಸತ್ತೂರ ಹುಬ್ಬಳ್ಳಿ–ಧಾರವಾಡದ ನಡುವಿನ ಹಳ್ಳಿ. 1962ರಲ್ಲಿ ಎರಡೂ ಶಹರಗಳನ್ನು ಕೂಡಿಸಿ ಮಹಾನಗರ ಪಾಲಿಕೆ ಮಾಡಿದ ಮೇಲೆ, ಪುಣೆ–ಬೆಂಗಳೂರು ರಸ್ತೆಯ ಎಡಬಲದ ಊರುಗಳು ಒಂದೊಂದಾಗಿ ಶಹರದೊಳಗೆ ಬಂದವು. ಪೇರಲ ಹಣ್ಣಿಗೆ ಹೆಸರಾದ ನವಲೂರ ಇಲ್ಲೇ ಮಗ್ಗುಲಿಗಿದೆ. ಸತ್ತೂರಿನ ಧವಳನಗರದಲ್ಲಿ 1986ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು ಬಂತು. 2003ರಲ್ಲಿ ವೈದ್ಯಕೀಯ ಕಾಲೇಜು, ದೊಡ್ಡ ದವಾಖಾನೆ ಬಂದವು. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದವು. ಹೊಲಗಳು ಸೈಟುಗಳಾದವು. ಸೈಟುಗಳ ಮೇಲೆ ಮನೆ ಕಟ್ಟಲು ಗೌಂಡಿಗಳು, ಸೆಂಟ್ರಿಂಗ್‌ನವರು, ಕಲ್ಲು ಮಣ್ಣು ಹೊರುವವರು ಬಂದರು.

ಹೀಗಾಗಿ ಇಲ್ಲಿಯ ಬಾರಿಗೆ ಒಂದು ವಿಚಿತ್ರ ಗುಣ ಬಂದಿದೆ. ಓಣಿಯ ಬಾರು ಎಂದರೆ ಓಣಿಯವರದೇ ಠಿಕಾಣಿ, ಪರಕೀಯರು ಕಾಲಿಟ್ಟರೆ ಎಲ್ಲರ ಕಣ್ಣು ತಿರುಗುತ್ತದೆ ಎಂದುಕೊಂಡು ಅಂಜುತ್ತಲೇ ಪರದೆ ಸರಿಸುತ್ತೀರಿ. ಟೇಬಲ್ಲಿಗೆ ಬಂದ ಹುಡುಗ ಕೇಳುವುದು ಒಂದೇ ಮಾತು: "ದವಾಖಾನ್ಯಾಗ ಪೇಶಂಟ್ ಅದಾರೇನ್ರಿ?"

ಸಂಜೆಯ ಬಾರಿನಲ್ಲಿ ಕುಳಿತವರಲ್ಲಿ ಎಷ್ಟೋ ಜನ ಬೇರೆ ಊರಿನವರು. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಅವ್ವನನ್ನೋ ಅಣ್ಣನನ್ನೋ ದವಾಖಾನೆಗೆ ಸೇರಿಸಿ, ಹಗಲೆಲ್ಲ ಚೀಟಿ ಹಿಡಿದು ಕೌಂಟರಿನಿಂದ ಕೌಂಟರಿಗೆ ಓಡಾಡಿ, ರಾತ್ರಿ ಎಲ್ಲಿ ಒರಗಬೇಕೋ ತಿಳಿಯದ ಗಂಡಸರು. ಬಿಲ್ಲು ಎಷ್ಟಾದೀತು ಎಂಬ ಲೆಕ್ಕವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕುವವರು. ಇನ್ನುಳಿದವರಲ್ಲಿ ಆ ವಾರದ ಪಗಾರ ಕಿಸೆಯಲ್ಲಿಟ್ಟುಕೊಂಡ ಕೆಲಸಗಾರರಿದ್ದಾರೆ, ಆಟೊ ನಿಲ್ಲಿಸಿ ಬಂದವರಿದ್ದಾರೆ, ಹೊಲ ಮಾರಿದ ಮೇಲೆ ಮಾಡಲು ಕೆಲಸವಿಲ್ಲದ ಊರಿನ ಹಿರಿಯರೂ ಇದ್ದಾರೆ. ಹೊರಗಿನವನಾಗಿ ಹೋದವನು ಹೊರಗಿನವರ ನಡುವೆಯೇ ಕುಳಿತುಕೊಳ್ಳುತ್ತಾನೆ. "ಯಾವೂರ್ರಿ ನಿಮ್ದು?" ಎಂಬ ಪ್ರಶ್ನೆಗೆ ಇಲ್ಲಿ ಎಲ್ಲರ ಬಳಿಯೂ ಉತ್ತರವಿದೆ, ಹೆಚ್ಚಿನವರ ಉತ್ತರ 'ಇದೇ ಊರು' ಅಲ್ಲ.

ಲೈಸೆನ್ಸು ಕಟ್ಟಿದ ಕೋಣೆ

ಈ ಕೋಣೆಯ ಆಕಾರ, ಕತ್ತಲು, ಅವಸರ ಯಾವುದೂ ತಾನಾಗಿ ಬಂದದ್ದಲ್ಲ. ಕರ್ನಾಟಕದಲ್ಲಿ ಮದ್ಯದ ವ್ಯಾಪಾರ ನಡೆಯುವುದು 1965ರ ಅಬಕಾರಿ ಕಾಯ್ದೆ ಮತ್ತು ಅದರಡಿಯ ನಿಯಮಗಳ ಮೇಲೆ. ಸಾಮಾನ್ಯ ಮನುಷ್ಯ ಕಾಣುವ ಅಂಗಡಿಗಳು ಮುಖ್ಯವಾಗಿ ಮೂರು ನಮೂನೆಯವು. 'ವೈನ್ಸ್' ಎಂದು ಬೋರ್ಡು ಹಾಕಿಕೊಂಡದ್ದು ಸಿಎಲ್–2: ಸೀಲು ಒಡೆಯದ ಬಾಟಲಿಯನ್ನು ಎಂಆರ್‌ಪಿಗೆ ಮಾರಬೇಕು, ಅಲ್ಲಿ ಕುಡಿಯುವಂತಿಲ್ಲ. 'ಬಾರ್ ಆ್ಯಂಡ್ ರೆಸ್ಟೋರೆಂಟ್' ಎಂದಿದ್ದರೆ ಬಹುತೇಕ ಸಿಎಲ್–9: ಕುಳಿತು ಕುಡಿಯಬಹುದು, ತಿನ್ನಬಹುದು, ದರ ಹೆಚ್ಚು. ವಸತಿಗೃಹದ ಜೊತೆಗಿರುವುದು ಸಿಎಲ್–7. ಇವಲ್ಲದೆ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳಿವೆ. 2003ರಿಂದ ರಾಜ್ಯದ ಪ್ರತಿ ಬಾಟಲಿಯೂ ಸರ್ಕಾರದ ಪಾನೀಯ ನಿಗಮದ ಡಿಪೊ ಹಾದೇ ಅಂಗಡಿಗೆ ಬರಬೇಕು.

ಹೊಸ ಸಿಎಲ್–2, ಸಿಎಲ್–9 ಲೈಸೆನ್ಸು ಕೊಡುವುದನ್ನು ಸರ್ಕಾರ 1992ರಲ್ಲಿ ನಿಲ್ಲಿಸಿತು. ಅಲ್ಲಿಂದೀಚೆಗೆ ಊರುಗಳು ಎರಡು ಮೂರು ಪಟ್ಟು ಬೆಳೆದವು, ಲೈಸೆನ್ಸು ಮಾತ್ರ ಬಹುತೇಕ ಹಳೆಯವೇ. ಅವು ಕೈ ಬದಲಿಸುತ್ತವೆ, ಜಾಗ ಬದಲಿಸುತ್ತವೆ, ಬೆಲೆ ಏರುತ್ತದೆ. ಲೈಸೆನ್ಸಿಗೇ ಅಷ್ಟೊಂದು ರೊಕ್ಕ ಸುರಿದ ಮಾಲಕ ಕುರ್ಚಿಗೆ, ಕಿಟಕಿಗೆ, ಮೂತ್ರಿಗೆ ಸುರಿಯುವುದಿಲ್ಲ. ಸುರಿಯಬೇಕಾದ ದರ್ದೂ ಇಲ್ಲ. ಗಿರಾಕಿಗೆ ಹೋಗಲು ಬೇರೆ ಜಾಗ ಎಲ್ಲಿದೆ?

ಜಾಗದ ನಿಯಮವೂ ಇದೆ. ಶಾಲೆ, ದವಾಖಾನೆ, ಗುಡಿ–ಮಸೀದಿ, ಸರ್ಕಾರಿ ಕಚೇರಿಯಿಂದ 100 ಮೀಟರಿನೊಳಗೆ ಬಾರು ಇರುವಂತಿಲ್ಲ. ಜೊತೆಗೆ ಹೆದ್ದಾರಿಯ ನಿಯಮ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಬೇಡ ಎಂದು ತೀರ್ಪು ಕೊಟ್ಟಿತು. 2017ರ ಏಪ್ರಿಲ್‌ನಲ್ಲಿ ದೇಶದ ತುಂಬ ಬೋರ್ಡುಗಳು ಇಳಿದವು, ಬಾಗಿಲುಗಳು ದಿಕ್ಕು ಬದಲಿಸಿದವು. ಅದೇ ಜುಲೈನಲ್ಲಿ, ನಗರಸಭೆ–ಪಾಲಿಕೆ ಹದ್ದಿನೊಳಗಿನ ಅಂಗಡಿಗಳಿಗೆ ಆ ಆದೇಶ ಅಡ್ಡಿಯಲ್ಲ ಎಂದು ಕೋರ್ಟೇ ಸ್ಪಷ್ಟಪಡಿಸಿತು. ಸತ್ತೂರಿನಂಥ, ಹೆದ್ದಾರಿಯ ಬೆನ್ನಿಗೆ ಬೆಳೆದ, ಪಾಲಿಕೆಯೊಳಗಿನ ಊರಿಗೆ ಇದರ ಅರ್ಥ ಸರಳ. ಬಾರು ರಸ್ತೆಗೆ ಹತ್ತಿರ ಇರಬಹುದು, ದವಾಖಾನೆಗೆ ಇರಬಾರದು. ಟೇಪು ಹಿಡಿದು ಅಳೆದಾಗ ಉಳಿದ ಸಂದಿಯಲ್ಲಿ ಬಾರು ಹುಟ್ಟುತ್ತದೆ. ಸಂದಿಯಲ್ಲಿ ಹುಟ್ಟಿದ್ದಕ್ಕೆ ಗಾಳಿ ಬೆಳಕು ಎಲ್ಲಿಂದ ಬರಬೇಕು?

ಕಾನೂನು ಇಲ್ಲಿಗೆ ನಿಲ್ಲುತ್ತದೆ. ಪರದೆಯನ್ನು ಕಟ್ಟಿದ್ದು ಮರ್ಯಾದೆ. ಹೊರಗಿನಿಂದ ಮುಖ ಕಾಣಬಾರದು ಎಂಬುದು ಗಿರಾಕಿಯ ಬೇಡಿಕೆಯೂ ಹೌದು, ಓಣಿಯವರ ಬೇಡಿಕೆಯೂ ಹೌದು.

ಬರೆಯದ ಶಿಸ್ತು

ಮೊದಲ ಸಲ ಹೋಗುವವರು ಕಲಿಯಬೇಕಾದ ರೀತಿ–ರಿವಾಜುಗಳನ್ನು ಯಾರೂ ಬರೆದು ತೂಗುಹಾಕಿಲ್ಲ. ಆದರೂ ಮುರಿದರೆ ಗೊತ್ತಾಗುತ್ತದೆ.

ಖಾಲಿ ಕುರ್ಚಿ ಕಂಡರೂ ಕೇಳಿಯೇ ಕೂಡಬೇಕು. "ಇಲ್ಲಿ ಯಾರರ ಅದಾರೇನ್ರಿ ಅಣ್ಣಾರ?" ಎಂದರೆ ಸಾಕು, "ಇಲ್ಲ ಬರ್ರಿ, ಕುಂದ್ರರಿ" ಎಂದು ಬಾಟಲಿ ಸರಿಸಿ ಜಾಗ ಮಾಡುತ್ತಾರೆ. ಒಂದೇ ಟೇಬಲ್ಲಿಗೆ ಗುರುತಿಲ್ಲದ ಮೂವರು ಕುಳಿತರೂ ಮೂವರ ಲೆಕ್ಕ ಬೇರೆ, ಶೇಂಗಾದ ತಾಟು ಮಾತ್ರ ನಡುವೆ. ನಿಮ್ಮ ತಾಟಿಗೆ ಕೈ ಹಾಕುವವರು ತಮ್ಮ ತಾಟನ್ನು ಮೊದಲು ನಿಮ್ಮ ಕಡೆ ನೂಕಿರುತ್ತಾರೆ. ಕುಡಿಸುತ್ತೇನೆ ಎಂದು ಮುಂದೆ ಬರುವ ಅಪರಿಚಿತನಿಗೆ ಕೈ ಮುಗಿದು ಬೇಡ ಎನ್ನುವುದೇ ಲೇಸು; ಒಮ್ಮೆ ಒಪ್ಪಿದರೆ ನೀವೂ ಒಂದು ಕುಡಿಸಬೇಕು, ಅವನು ಮತ್ತೊಂದು, ನೀವು ಇನ್ನೊಂದು. ಸರದಿ ಮುಗಿಯುವುದೇ ಇಲ್ಲ. ಕೆಲಸ ಏನು, ಪಗಾರ ಎಷ್ಟು ಎಂದು ಮೊದಲೇ ಕೇಳಬಾರದು. ಊರು ಕೇಳಬಹುದು, ಮಳೆ ಕೇಳಬಹುದು, ಪೇಶಂಟ್ ಹೇಗಿದ್ದಾರೆ ಎಂದು ಕೇಳಲೇಬೇಕು. ಯಾರಾದರೂ ಅತ್ತರೆ ನೋಡದಂತೆ ಇರಬೇಕು. ಮೊಬೈಲು ಎತ್ತಿ ಫೋಟೊ ತೆಗೆಯುವುದು ಮಾತ್ರ ಕ್ಷಮೆಯಿಲ್ಲದ ತಪ್ಪು. ಅಲ್ಲಿಯವರ ಸಿಟ್ಟು ಕಾಣಬೇಕೆಂದರೆ ಅದೊಂದು ಸಾಕು.

ಜಗಳ ಆಗುವುದಿಲ್ಲವೇ ಎಂದರೆ ಆಗುತ್ತದೆ. ಆದರೆ ಕೌಂಟರಿನಲ್ಲಿ ಕುಳಿತ ಮನುಷ್ಯ ಅದನ್ನು ಟೇಬಲ್ಲಿನವರಿಗಿಂತ ಮೊದಲು ಗುರುತಿಸುತ್ತಾನೆ. "ಸಾಕ್ ಮಾಡೋ ತಮ್ಮಾ, ಮನಿಗೆ ಹೋಗು" ಎಂಬ ಮಾತು ಅವನಿಂದ ಬಂದರೆ ಅದು ಸಲಹೆ ಅಲ್ಲ, ಅಪ್ಪಣೆ. ಹೊಡೆದಾಟ ಠಾಣೆಗೆ ಹೋದರೆ ಲೈಸೆನ್ಸಿಗೆ ಮುಳುವು ಎಂಬುದು ಅವನಿಗೆ ಗೊತ್ತು. ಹೊರಗಿನವರು ಹುಡುಕುವ ರೌಡಿತನಕ್ಕೆ ಇಲ್ಲಿ ದೊಡ್ಡ ಕಾವಲುಗಾರ ಮಾಲಕನ ಲಾಭವೇ.

ತಿನ್ನುವುದರಲ್ಲಿ ಹುಬ್ಬಳ್ಳಿಯ ಛಾಪು ಅಳಿಯದು. ಶೇಂಗಾ ಮಸಾಲಿ, ತತ್ತಿ, ಆಮ್ಲೆಟ್ ಎಲ್ಲ ಕಡೆಯೂ ಸಿಗುತ್ತವೆ. ಈ ಸೀಮೆಯ ಗುಂಡಿನ ನಿಜವಾದ ಜೋಡಿ ಸಾವಜಿ ಅಡಿಗೆ. ಹುಬ್ಬಳ್ಳಿ, ಗದಗ, ಬೆಟಗೇರಿಯ ಎಸ್‌ಎಸ್‌ಕೆ ಸಮಾಜದವರು, ಮೂಲತಃ ನೇಯ್ಗೆಯ ಜನ, ನಡೆಸಿಕೊಂಡು ಬಂದ ಖಾನಾವಳಿಗಳ ಕೆಂಪು ಎಣ್ಣೆ ತೇಲುವ ಮಟನ್ನು, ಖೈಮಾ ಉಂಡೆ ನಾಲಿಗೆಯನ್ನು ಬೇಕೆಂದೇ ಸುಡುತ್ತವೆ. ಖಾರ ಏರಿದಷ್ಟೂ ಗುಟುಕು ಇಳಿಯುತ್ತದೆ ಎಂಬುದು ಎರಡೂ ಧಂದೆಯವರಿಗೆ ಗೊತ್ತಿರುವ ಲೆಕ್ಕ. ಸಸ್ಯಾಹಾರಿ ಗಿರಾಕಿಗೆ ಗಿರ್ಮಿಟ್ಟು, ಮಿರ್ಚಿ ಭಜಿ ಹೊರಗಿನ ಗಾಡಿಯಿಂದ ಬರುತ್ತವೆ. ಬಾರಿನ ಸುತ್ತ ಬದುಕುವ ಗಾಡಿಗಳ ಸಣ್ಣ ಬಜಾರೇ ಇರುತ್ತದೆ, ಅದರಲ್ಲಿ ಭಜಿ ಕರಿಯುವ ಕೈ ಬಹಳಷ್ಟು ಸಲ ಹೆಣ್ಣುಮಗಳದು.

ನೈಂಟಿಯ ಲೆಕ್ಕ

ಇಲ್ಲಿ ಹೆಚ್ಚಿನವರು ಹೇಳುವುದು 'ನೈಂಟಿ'. 90 ಮಿಲಿಲೀಟರಿನ ಕಾಗದದ ಪ್ಯಾಕೀಟು, ಮಕ್ಕಳು ಮಾವಿನ ರಸ ಕುಡಿಯುವ ನಮೂನೆಯದು. 180 ಎಂದರೆ ಕ್ವಾರ್ಟರ್. ಒಳಗಿರುವುದಕ್ಕೆ ವಿಸ್ಕಿ ಎಂದು ಹೆಸರಿದ್ದರೂ ಅಗ್ಗದ ತರಗತಿಯ ಮದ್ಯದ ಮೂಲ ಬಾರ್ಲಿಯಲ್ಲ, ಬಹುತೇಕ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿ. ಕಾಕಂಬಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟಿಗೆ ಬಣ್ಣ, ವಾಸನೆ, ನೀರು ಸೇರಿಸುತ್ತಾರೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆ ಇಲ್ಲಿಗೆ ದೂರವಿಲ್ಲ. ಕಬ್ಬು ಕಡಿದು ಬಂದವನು ಕುಡಿಯುವುದು ಕಬ್ಬಿನದನ್ನೇ.

ಲೇಬಲ್ಲಿನ ಮೇಲೆ ಬರೆದಿರುವಂತೆ ಅದರಲ್ಲಿ ಶೇ 42.8 ಆಲ್ಕೋಹಾಲ್. ಅಂದರೆ 90 ಮಿ.ಲೀ.ನಲ್ಲಿ 38 ಮಿ.ಲೀ.ಗೂ ಹೆಚ್ಚು ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 30 ಗ್ರಾಂ. ವೈದ್ಯರು 10 ಗ್ರಾಮಿಗೆ 'ಒಂದು ಡ್ರಿಂಕ್' ಎಂದು ಲೆಕ್ಕ ಹಿಡಿಯುತ್ತಾರೆ. ಆ ಪ್ರಕಾರ ಸಣ್ಣ ಪ್ಯಾಕೀಟೊಂದು ಮೂರು ಡ್ರಿಂಕು. ಶೇ 5ರ ಬಿಯರಿನ 650 ಮಿ.ಲೀ. ಬಾಟಲಿ ಪೂರ್ತಿ ಕುಡಿದರೂ ಒಳಗೆ ಹೋಗುವ ಆಲ್ಕೋಹಾಲ್ ಇದಕ್ಕಿಂತ ಕಡಿಮೆ. ಬಿಯರು ಮುಗಿಸಲು ಅರ್ಧ ತಾಸು ಬೇಕು, ಹೊಟ್ಟೆ ತುಂಬುತ್ತದೆ, ರೊಕ್ಕವೂ ಜಾಸ್ತಿ. ನೈಂಟಿಗೆ ಎರಡು ನಿಮಿಷ ಸಾಕು. ಮೈ ನೋಯುವ ಮನುಷ್ಯ, ಕೈಯಲ್ಲಿ ನೂರರ ನೋಟು ಇಟ್ಟುಕೊಂಡು, ಮನೆಯವರು ಫೋನು ಮಾಡುವುದರೊಳಗೆ ಏನನ್ನು ಆರಿಸಿಕೊಳ್ಳುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ.

ಎರಡು ನೈಂಟಿ ಹಾಕಿದವನು ಬೈಕು ಹತ್ತಿದರೆ ಆ ಲೆಕ್ಕ ಇನ್ನೂ ಕೆಟ್ಟದ್ದು. ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಹೊರಗಿನಿಂದ ಹೋಗುವವರು ಗಾಡಿ ಮನೆಯಲ್ಲಿಟ್ಟು, ಕೊನೆಯ ಚಿಗರಿ ಹೋಗುವುದರೊಳಗೆ ಎದ್ದುಬಿಡುವುದು ಜಾಣತನ.

ಮುಂಜಾನೆ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತಿರುವವರನ್ನು ನೋಡಿ ದಾರಿಹೋಕರು "ಇನ್ನೂ ಹಲ್ಲುಜ್ಜಿಲ್ಲ, ಆಗಲೇ ಶೆರೆ ಬೇಕಾತು" ಎಂದು ನಗುತ್ತಾರೆ. ಅವರ ಕೈ ನೋಡಿದರೆ ನಗು ಬಾರದು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಕೆಲವು ತಾಸು ಮದ್ಯ ಸಿಗದಿದ್ದರೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. ಎರಡು ಮೂರು ದಿನದೊಳಗೆ ಕೆಲವರಿಗೆ ಫಿಟ್ಸು, ಭ್ರಮೆ. ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಮುಂಜಾನೆಯ ಗುಟುಕು ಅವರಿಗೆ ಮೋಜಲ್ಲ, ನಡುಕ ನಿಲ್ಲಿಸುವ ಔಷಧಿ. 'ಗಟ್ಟಿ ಮನಸು ಮಾಡಿ ಇವತ್ತಿಂದಲೇ ಬಿಟ್ಟುಬಿಡು' ಎಂಬ ಬುದ್ಧಿವಾದ ಇಂಥವರಿಗೆ ಅಪಾಯಕಾರಿಯೂ ಹೌದು. ಬಿಡಿಸಬೇಕಾದದ್ದು ವೈದ್ಯರ ಕಣ್ಣೆದುರಿಗೆ. 1845ರಲ್ಲಿ ಶುರುವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ಸತ್ತೂರಿನಿಂದ ಬಸ್ಸಿನ ದೂರದಲ್ಲಿದೆ. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಗುಂಡಿಗೆ ಗುಂಡು ಬಿದ್ದ ಊರು

ಮದ್ಯ ಬೇಡ ಎಂಬ ಹೋರಾಟಕ್ಕೆ ಧಾರವಾಡದಷ್ಟು ಹಳೆಯ, ರಕ್ತದ ನಂಟುಳ್ಳ ಊರುಗಳು ಕಡಿಮೆ. ಅಸಹಕಾರ ಚಳವಳಿಯ ಕಾಲದಲ್ಲಿ, 1921ರ ಜುಲೈ 1ರಂದು, ಇಲ್ಲಿಯ ಜಕಣಿ ಬಾವಿಯ ಹತ್ತಿರ ಶೆರೆ ಅಂಗಡಿಯ ಎದುರು ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಖಿಲಾಫತ್ತಿನ ಮೂವರು ಸ್ವಯಂಸೇವಕರು ಸತ್ತರು. ಆಗಲೂ ಶೆರೆ ಸರ್ಕಾರದ ಬೊಕ್ಕಸದ ವಿಷಯವೇ ಆಗಿತ್ತು. ಅಂಗಡಿ ಮುಚ್ಚಿಸುವುದೆಂದರೆ ಬ್ರಿಟಿಷರ ಗಲ್ಲೆಗೆ ಕೈ ಹಾಕಿದಂತೆ.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯ 1949ರ ಕಾಯ್ದೆ ತಂದು, 1950ರಿಂದ ಸಂಪೂರ್ಣ ಪಾನನಿಷೇಧ ಜಾರಿ ಮಾಡಿತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೇ ಸೇರಿತ್ತು. ಅಂದರೆ ಇಂದಿನ ಅಜ್ಜಂದಿರ ಹರೆಯದಲ್ಲಿ ಇಲ್ಲಿ ಬಾರು ಎಂಬುದೇ ಇರಲಿಲ್ಲ. ವೈದ್ಯರ ಪತ್ರ ತೋರಿಸಿ ಪರ್ಮಿಟ್ಟು ಪಡೆದ ಉಳ್ಳವರು ಬಾಟಲಿ ತರಿಸುತ್ತಿದ್ದರು, ಉಳಿದವರಿಗೆ ಕಳ್ಳಭಟ್ಟಿ. ಗುಟ್ಟಾಗಿ, ಗಡಿಬಿಡಿಯಿಂದ, ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡು ಹೊರಡುವ ಚಾಳಿಗೆ ನಿಷೇಧದ ವರ್ಷಗಳೂ ಒಂದಿಷ್ಟು ತಾಲೀಮು ಕೊಟ್ಟಿರಬೇಕು ಎಂದು ನನಗನಿಸುತ್ತದೆ. ಪರದೆ ಹೋಗಲಿಲ್ಲ, ಕಾಯ್ದೆಯಷ್ಟೇ ಹೋಯಿತು.

ಮುಂದೆ ಸಾರಾಯಿಯ ಯುಗ. ಗುತ್ತಿಗೆದಾರರು, ಹರಾಜು, ಪ್ಲಾಸ್ಟಿಕ್ ಪಾಕೀಟು. 2007ರ ಜುಲೈ 1ರಂದು, ಧಾರವಾಡದ ಗೋಲಿಬಾರಿಗೆ ಸರಿಯಾಗಿ 86 ವರ್ಷ ತುಂಬಿದ ದಿನ, ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳ ದಶಕಗಳ ಕೂಗಿಗೆ ಸಿಕ್ಕ ಗೆಲುವು ಅದು. ಆದರೆ ಕುಡಿಯುವವರು ಕುಡಿಯುವುದನ್ನು ಬಿಡಲಿಲ್ಲ, ಪಾಕೀಟು ಬದಲಿಸಿದರು. 2008ರ ಮೇನಲ್ಲಿ ಬೆಂಗಳೂರಿನ ಸುತ್ತ, ಕೋಲಾರ ಹಾಗೂ ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರನ್ನು ನುಂಗಿತು. ಸಾರಾಯಿ ಬಿಟ್ಟ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪ್ಯಾಕೀಟು ಬಂದು ಕುಳಿತಿತು. ತೆರಿಗೆ ಮಾತ್ರ ಈ ಹೊಸ ಪ್ಯಾಕೀಟಿನ ಮೇಲೆ ಹೆಚ್ಚು.

ಎಷ್ಟು ಹೆಚ್ಚು? 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ 18 ಸ್ಲ್ಯಾಬುಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿ, ಆ ವರ್ಷ 36,000 ಕೋಟಿ ರೂಪಾಯಿ ಅಬಕಾರಿ ಆದಾಯದ ಗುರಿ ಇಟ್ಟುಕೊಳ್ಳಲಾಯಿತು. 2025–26ಕ್ಕೆ ಗುರಿ 40,000 ಕೋಟಿಗೆ ಏರಿತು. ಮದ್ಯಪಾನ ನಿಷೇಧಿಸಲು ರಾಜ್ಯ ಯತ್ನಿಸಬೇಕು ಎನ್ನುವ ಸಂವಿಧಾನದ 47ನೆಯ ವಿಧಿಯೂ ಇದೇ ರಾಜ್ಯಕ್ಕೆ ಅನ್ವಯ. ಅಕ್ಟೋಬರ್ 2ರಂದು ಬಾರಿನ ಬಾಗಿಲು ಮುಚ್ಚುತ್ತದೆ, 3ರಂದು ಗುರಿ ಮುಟ್ಟುವ ಓಟ ಮತ್ತೆ ಶುರು.

ಹೋಗಿ ನೋಡಿದವರು

ಹೆಂಡದ ಜಾಗವನ್ನು ಹೊರಗಿನವರು ಹೇಗೆ ನೋಡಬೇಕು ಎಂಬುದಕ್ಕೆ ಕನ್ನಡದಲ್ಲಿ ಹಳೆಯ ಮಾದರಿಗಳಿವೆ. 12ನೆಯ ಶತಮಾನದ ಶರಣ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದವನು. ಕುಡಿಯಲು ಬಂದವರಿಗೇ ಅದರ ಕೇಡನ್ನು ತಿಳಿಹೇಳುತ್ತಿದ್ದ ಎಂದು ಪ್ರತೀತಿ. ಅನುಭವ ಮಂಟಪದ ಪರಂಪರೆ ಅವನನ್ನು ಹೊರಗಿಡಲಿಲ್ಲ, ವಚನಕಾರರ ಸಾಲಿನಲ್ಲೇ ಕೂಡಿಸಿತು. ಇಪ್ಪತ್ತನೆಯ ಶತಮಾನದಲ್ಲಿ, ಮದ್ಯ ಮುಟ್ಟದ ಕನ್ನಡ ಮೇಷ್ಟ್ರು ಜಿ.ಪಿ. ರಾಜರತ್ನಂ, ಯೆಂಡ್ಕುಡ್ಕ ರತ್ನನ ಬಾಯಲ್ಲಿ ಪದ ಹಾಡಿಸಿದರು. ಕುಡುಕನನ್ನು ಗೇಲಿ ಮಾಡುವ ಬದಲು ಅವನಿಗೆ ಭಾಷೆ, ಹೆಂಡತಿಯ ಮೇಲಿನ ಮಮತೆ, ಕನ್ನಡದ ಅಭಿಮಾನ ಎಲ್ಲವನ್ನೂ ಕೊಟ್ಟರು.

ಇಂಗ್ಲೆಂಡಿನಲ್ಲಿ ಇದೇ ಕೆಲಸವನ್ನು ಗಡಿಯಾರ, ನೋಟ್‌ಬುಕ್ಕು ಹಿಡಿದು ಮಾಡಿದವರಿದ್ದಾರೆ. 1937ರಲ್ಲಿ ಹುಟ್ಟಿದ 'ಮಾಸ್ ಅಬ್ಸರ್ವೇಶನ್' ಎಂಬ ತಂಡ ಬೋಲ್ಟನ್ ಎಂಬ ಗಿರಣಿ ಊರಿನ ಪಬ್ಬುಗಳಿಗೆ ವೀಕ್ಷಕರನ್ನು ಕಳಿಸಿತು. ಯಾರು ಎಲ್ಲಿ ಕೂಡುತ್ತಾರೆ, ಒಂದು ಗ್ಲಾಸಿಗೆ ಎಷ್ಟು ಹೊತ್ತು, ಯಾರ ಸರದಿಯ ರೊಕ್ಕ ಎಂದೆಲ್ಲ ಅವರು ಗುಟ್ಟಾಗಿ ಬರೆದುಕೊಂಡರು. 1943ರಲ್ಲಿ ಪುಸ್ತಕವೂ ಬಂತು. ಒಟ್ಟಿಗೆ ಕುಳಿತವರ ಗ್ಲಾಸುಗಳು ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಇಳಿಯುತ್ತವೆ, ಒಟ್ಟಿಗೇ ಬರಿದಾಗುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲೊಂದು. ಜನ ಅಲ್ಲಿಗೆ ಹೋಗುತ್ತಿದ್ದದ್ದು ಬಿಯರಿಗಾಗಿ ಎಷ್ಟೋ, ಸಂಗಾತಕ್ಕಾಗಿಯೂ ಅಷ್ಟೇ.

ಸತ್ತೂರಿನ ಟೇಬಲ್ಲಿನಲ್ಲಿ ಈ ಮಾತಿನ ಅರ್ಧ ಮಾತ್ರ ನಿಜ. ದೋಸ್ತರು ಕೂಡಿ ಬಂದಲ್ಲಿ ಗ್ಲಾಸುಗಳು ಜೋಡಿಯಾಗಿಯೇ ಇಳಿಯುತ್ತವೆ. ಒಬ್ಬಂಟಿಯಾಗಿ ಬಂದವರು ಇಲ್ಲಿ ಬಹಳ, ಅವರ ಗ್ಲಾಸಿಗೆ ಯಾರ ಲಯವೂ ಇಲ್ಲ. ಅದು ಬೇಗ ಬರಿದಾಗುತ್ತದೆ. ಬೋಲ್ಟನ್ನಿನ ಕಾರ್ಮಿಕನಿಗೆ ಪಬ್ಬು ಸಂಜೆ ಕಳೆಯುವ ಚಾವಡಿಯಾಗಿತ್ತು. ನಮ್ಮಲ್ಲಿ ಬಾರು ಚಾವಡಿಯಾಗದಂತೆ ಎಚ್ಚರ ವಹಿಸಲಾಗಿದೆ: ಮುರುಕು ಕುರ್ಚಿ, ಇಲ್ಲದ ಕಿಟಕಿ, ಬೇಗ ಎಬ್ಬಿಸುವ ಹುಡುಗ. ಹೊತ್ತು ಕಳೆಯುವವನಿಂದ ಲಾಭವಿಲ್ಲ, ಗಬಗಬ ಕುಡಿದು ಎದ್ದವನಿಂದ ಇದೆ.

ಕುರ್ಚಿ ಇಲ್ಲದವರು

ಈ ಕೋಣೆಯಲ್ಲಿ ಕಾಣದವರ ಬಗ್ಗೆ ಹೇಳದೆ ಲೇಖನ ಮುಗಿಸುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 18.8, ಹೆಂಗಸರಲ್ಲಿ ಶೇ 1.3 ಮದ್ಯ ಸೇವಿಸುತ್ತಾರೆ. ಓಣಿಯ ಬಾರಿನಲ್ಲಿ ಆ ಎರಡನೆಯ ಅಂಕಿ ಸೊನ್ನೆ. ಹೆಣ್ಣುಮಗಳು ಅಲ್ಲಿಗೆ ಬರುವುದು ಮುಂಜಾನೆ ಕಸಬರಿಗೆ ಹಿಡಿದು, ಇಲ್ಲವೇ ರಾತ್ರಿ ಪರದೆಯ ಹೊರಗೆ ನಿಂತು, ಹುಡುಗನೊಬ್ಬನನ್ನು ಒಳಗೆ ಕಳಿಸಿ, "ನಮ್ಮನಿಯವರು ಅದಾರೇನ್ ನೋಡಪಾ" ಎನ್ನಲು. ಒಳಗಿನ ಸೌಜನ್ಯ, ಹಂಚಿಕೊಂಡ ಶೇಂಗಾ, ದುಃಖ ಕೇಳುವ ಕಿವಿ ಎಲ್ಲವೂ ಅವಳ ಮನೆಯ ರೇಷನ್ನಿನ ರೊಕ್ಕದ ಮೇಲೆ ನಿಂತಿರಬಹುದು ಎಂಬುದನ್ನು ಹೊರಗಿನವರು ಮರೆತರೆ, ನೋಡಿದ್ದು ಅರ್ಧವೇ.

ಅದಕ್ಕೇ ನಿಷೇಧದ ಬೇಡಿಕೆ ಬಹಳಷ್ಟು ಸಲ ಹೆಣ್ಣುಮಕ್ಕಳಿಂದ ಏಳುತ್ತದೆ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರು ತಿರುಗಿ, ಜೋಳಿಗೆ ಒಡ್ಡಿ, ಜನರ ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಯುತ್ತವೆ. ಇವರೆಲ್ಲ ಮಾಡಿದ ಒಂದು ಕೆಲಸವನ್ನು ಅಬಕಾರಿ ಇಲಾಖೆಯ ಯಾವ ಲೆಡ್ಜರೂ ಮಾಡಿಲ್ಲ: ಕುಡಿಯುವವನ ಮುಖ ನೋಡಿ ಮಾತಾಡಿದರು.

ಸರ್ಕಾರಕ್ಕೆ, ಸಮಾಜಕ್ಕೆ, ನನ್ನಂಥ ಸಂಬಳದವರಿಗೆ ಅವನ ರೊಕ್ಕ ಬೇಕು, ಮುಖ ಬೇಡ. ಮುಖ ಕಾಣದಿರಲೆಂದೇ ಪರದೆ, ಸಂದಿ, ಮಂಕು ಬೆಳಕು. ಮುಖ ಕಾಣದ ಜಾಗದಲ್ಲಿ ಕೊಳಕು ಬೆಳೆದರೆ 'ಅಲ್ಲಿಯ ಜನವೇ ಹಾಗೆ' ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಒಮ್ಮೆ ಹೋಗಿ ಕುಳಿತವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ.

ಕುಡಿಯಬೇಡಿ ಎನ್ನುವ ಹಕ್ಕು ಎಲ್ಲರಿಗೂ ಇದೆ, ಹೇಳಬೇಕು ಕೂಡ. ಲೈಸೆನ್ಸು ಇರುವವರೆಗೆ ಮಾತ್ರ ಒಂದು ಕನಿಷ್ಠ ಕರಾರು ಇರಲಿ. ಲೈಸೆನ್ಸು ನವೀಕರಿಸುವಾಗ ಶುಲ್ಕದ ರಸೀತಿಯ ಜೊತೆ ನೀರು ಬರುವ ಮೂತ್ರಿ, ಗಾಳಿ ಆಡುವ ಕಿಟಕಿ, ಕುಡಿಯುವ ನೀರಿನ ನಳ ಇವೆಯೇ ಎಂದು ಯಾರಾದರೂ ಬಂದು ನೋಡಲಿ. ದರಪಟ್ಟಿಯ ಪಕ್ಕದಲ್ಲಿ ಚಟ ಬಿಡಿಸುವ ಸಹಾಯವಾಣಿಯ ನಂಬರು ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ. ಸಾವಿರಾರು ಕೋಟಿಯ ಗುರಿಯಲ್ಲಿ ಒಂದು ಪಾಲು ತಾಲೂಕು ದವಾಖಾನೆಗಳಲ್ಲಿ ಬಿಡಬೇಕೆಂದವನಿಗೆ ಹಾಸಿಗೆಯಾಗಲಿ. ನೈಂಟಿ ಕುಡಿದವನು ಕೌಂಟರಿನಲ್ಲಿ ನಗದು ಎಣಿಸಿ ಹೋಗಿದ್ದಾನೆ. ಉದ್ರಿ ಇರುವುದು ನಮ್ಮ ಕಡೆಯಿಂದ.